ರಾಜನ ಬೇಟೆಕಾಡಿನಲ್ಲಿ ರೈತನ ದನ: ನ್ಯೂ ಫಾರೆಸ್ಟಿನ ಅಜಿಸ್ಟರರ ಚರಿತ್ರೆ

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ, ಸೌತಾಂಪ್ಟನ್ ನಗರದ ಪಶ್ಚಿಮಕ್ಕೆ, ಹ್ಯಾಂಪ್‌ಶೈರ್ ಸೀಮೆಯಲ್ಲಿ ಹರಡಿರುವ ನ್ಯೂ ಫಾರೆಸ್ಟ್ ಹೆಸರಿಗೆ ಮಾತ್ರ ಹೊಸ ಕಾಡು. ಆ ಹೆಸರು ಬಂದು ಒಂಬತ್ತು ಶತಮಾನಗಳು ಕಳೆದಿವೆ, ಮತ್ತು ಅದರ ದೊಡ್ಡದೊಂದು ಪಾಲು ಕಾಡೇ ಅಲ್ಲ. ಓಕ್ ಮತ್ತು ಬೀಚ್ ಮರಗಳ ಹಳೆಯ ತೋಪುಗಳನ್ನು ದಾಟಿದರೆ ಕಣ್ಣು ಹಾಯುವಷ್ಟು ದೂರ ಕಾಣುವುದು ಹೀತ್ ಎಂದು ಕರೆಯಲಾಗುವ ಬಯಲು, ಅಂದರೆ ಸತ್ವವಿಲ್ಲದ ಹುಳಿಮಣ್ಣಿನ ಮೇಲೆ ಮೊಣಕಾಲೆತ್ತರಕ್ಕೆ ಬೆಳೆದು ಬೇಸಿಗೆಯ ಕೊನೆಯಲ್ಲಿ ನೇರಳೆ ಹೂ ಬಿಡುವ ಹೀದರ್ ಪೊದೆಗಳು, ಹಳದಿ ಹೂವಿನ ಮುಳ್ಳುಗಿಡವಾದ ಗಾರ್ಸ್, ಬ್ರಾಕನ್ ಎಂಬ ಜರೀಗಿಡ, ತಗ್ಗುಗಳಲ್ಲಿ ನೀರು ನಿಂತ ಜೌಗು. ಈ ಬಯಲು ಮೊದಲಿನಿಂದಲೂ ಹೀಗೆಯೇ ಇದ್ದದ್ದಲ್ಲ. ಕಂಚಿನ ಯುಗದ ಬೇಸಾಯಗಾರರು ಮರ ಕಡಿದು ತೆರವು ಮಾಡಿದ ಮರಳುಮಿಶ್ರಿತ ನೆಲದ ಸಾರವೆಲ್ಲ ಮಳೆಗೆ ಕೆಳಗಿಳಿದು, ಬೇರೇನೂ ಬೆಳೆಯದ ಜಾಗದಲ್ಲಿ ಹೀದರ್ ಬೇರುಬಿಟ್ಟಿತು; ಮರಗಳು ಮತ್ತೆ ತಲೆಯೆತ್ತದಂತೆ ನೋಡಿಕೊಂಡದ್ದು ಜಿಂಕೆ, ಕುದುರೆ ಮತ್ತು ದನಗಳ ಬಾಯಿ, ಉರುವಲಿಗೆ ಬಂದವರ ಕತ್ತಿ, ಚಳಿಗಾಲದ ಕೊನೆಗೆ ಹಾಕುವ ಬೆಂಕಿ. ಈ ಪ್ರದೇಶದ ಪರಿಸರ ಚರಿತ್ರೆಯನ್ನು 1968ರಲ್ಲಿ ಪುಸ್ತಕವಾಗಿ ಬರೆದ ಕಾಲಿನ್ ಟಬ್ಸ್, ಇಲ್ಲಿನ ನೋಟವನ್ನು ರೂಪಿಸಿದ ಮುಖ್ಯ ಶಕ್ತಿ ಮೇಯುವ ಪ್ರಾಣಿಯೇ ಎಂದು ತೋರಿಸಿದ ಮೇಲೆ ಆ ಮಾತನ್ನು ಗಂಭೀರವಾಗಿ ಅಲ್ಲಗಳೆದವರಿಲ್ಲ.

ಈ ಬಯಲಿನಲ್ಲಿ ಇಂದಿಗೂ ಸಾವಿರಾರು ದನಗಳು ಮತ್ತು ಪೋನಿ ಎನ್ನುವ ಕುಳ್ಳುಜಾತಿಯ ಕುದುರೆಗಳು ದನಗಾಹಿಯಿಲ್ಲದೆ, ಹಗ್ಗವಿಲ್ಲದೆ ಅಡ್ಡಾಡುತ್ತವೆ. ಅವು ಕಾಡುಪ್ರಾಣಿಗಳಲ್ಲ, ಪ್ರತಿಯೊಂದಕ್ಕೂ ಒಡೆಯನಿದ್ದಾನೆ, ಆದರೆ ಒಡೆಯ ತನ್ನ ಹಸುವನ್ನು ವಾರಗಟ್ಟಲೆ ಕಾಣದೇ ಇರಬಹುದು. ಅವುಗಳನ್ನು ಕಂಡುಬರಲು, ಎಣಿಸಲು, ಸೊರಗಿದ್ದನ್ನು ಗುರುತಿಸಲು, ಸತ್ತದ್ದನ್ನು ಎತ್ತಿಸಲು ಬೇರೆಯದೇ ಒಂದು ಹುದ್ದೆ ಇದೆ. ಅದರ ಹೆಸರು ಅಜಿಸ್ಟರ್. ಹದಿಮೂರನೆಯ ಶತಮಾನದ ರಾಜಶಾಸನದಲ್ಲಿಯೇ ಈ ಹೆಸರು ಸಿಗುತ್ತದೆಂಬುದು ಸೋಜಿಗವಾದರೂ ಅದಕ್ಕಿಂತ ವಿಚಾರಮಾಡಬೇಕಾದ ಸಂಗತಿ ಬೇರೆ ಇದೆ: ದನಗಳಿಂದ ರಾಜನಿಗೆ ಬರಬೇಕಾದ ಹಣವನ್ನು ವಸೂಲು ಮಾಡುವುದಕ್ಕೆ ಮತ್ತು ರಾಜನ ಜಿಂಕೆಗಳಿಗೆ ದನಗಳಿಂದ ತೊಂದರೆಯಾಗದಂತೆ ನೋಡಿಕೊಳ್ಳುವುದಕ್ಕೆ ಹುಟ್ಟಿದ ವ್ಯವಸ್ಥೆಯ ಭಾಗವಾಗಿದ್ದ ಈ ಹುದ್ದೆ, ಹೆಸರನ್ನೂ ಕುದುರೆಯ ಜೀನನ್ನೂ ಹಾಗೆಯೇ ಇಟ್ಟುಕೊಂಡು, ಕಾಲಾಂತರದಲ್ಲಿ ದನದ ಕಡೆಯ ಹುದ್ದೆಯಾಗಿ ಪೂರ್ತಿ ತಿರುಗಿಬಿದ್ದಿತು.

ಫಾರೆಸ್ಟ್ ಎಂಬ ಪದಕ್ಕೆ ಮಧ್ಯಯುಗದ ಇಂಗ್ಲೆಂಡಿನಲ್ಲಿ ಮರಗಳಿರುವ ಜಾಗ ಎಂಬ ಅರ್ಥ ಇರಲಿಲ್ಲ. ಸಾಮಾನ್ಯ ಕಾನೂನಿನ ಹೊರಗಿಟ್ಟು ಫಾರೆಸ್ಟ್ ಕಾನೂನು ಎಂಬ ಪ್ರತ್ಯೇಕ ಕಟ್ಟಳೆಗೆ ಒಳಪಡಿಸಿದ, ರಾಜನ ಬೇಟೆಗೆ ಮೀಸಲಾದ ಸೀಮೆಗೆ ಆ ಹೆಸರು. ಅದರೊಳಗೆ ಹಳ್ಳಿ, ಹೊಲ, ಬಯಲು ಏನು ಬೇಕಾದರೂ ಇರಬಹುದಾಗಿತ್ತು. ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದ ಒಂದನೆಯ ವಿಲಿಯಂ ಸುಮಾರು 1079ರಲ್ಲಿ ಈ ಸೀಮೆಯನ್ನು ಹಾಗೆ ಮೀಸಲಿಟ್ಟನು, ಮತ್ತು 1086ರಲ್ಲಿ ಅವನು ಮಾಡಿಸಿದ ದೇಶವ್ಯಾಪಿ ಕಂದಾಯ ತಪಾಸಣೆಯ ಕಡತವಾದ ಡೂಮ್ಸ್‌ಡೇ ಪುಸ್ತಕದಲ್ಲಿ ನೋವಾ ಫಾರೆಸ್ಟಾ ಎಂಬ ಲ್ಯಾಟಿನ್ ಹೆಸರಿನಲ್ಲಿ ಅದು ದಾಖಲಾಯಿತು. ಹಳ್ಳಿಗಳನ್ನೂ ಚರ್ಚುಗಳನ್ನೂ ನೆಲಸಮ ಮಾಡಿ ಬೇಟೆಕಾಡು ಮಾಡಿದನೆಂದು ಮುಂದಿನ ತಲೆಮಾರಿನ ಸಂನ್ಯಾಸಿ ಚರಿತ್ರೆಕಾರರು ಬರೆದರು. ಅವನ ಮಗ ಎರಡನೆಯ ವಿಲಿಯಂ 1100ರ ಆಗಸ್ಟ್ 2ರಂದು ಅದೇ ಕಾಡಿನಲ್ಲಿ ಬೇಟೆಯ ನಡುವೆ ಬಾಣ ತಗುಲಿ ಸತ್ತದ್ದನ್ನು ಜನ ಅದರ ಫಲವೆಂದೇ ನಂಬಿದರು. ಇಂದಿನ ಇತಿಹಾಸಕಾರರು ಈ ಆರೋಪವನ್ನು ಬಹಳವಾಗಿ ಕಡಿಮೆ ಮಾಡುತ್ತಾರೆ, ಏಕೆಂದರೆ ಕೆಡವಿದ್ದಾರೆಂದು ಹೇಳುವಷ್ಟು ಹಳ್ಳಿಗಳನ್ನು ಸಾಕುವ ಶಕ್ತಿ ಆ ಮಣ್ಣಿಗೆ ಎಂದೂ ಇರಲಿಲ್ಲ.

ಫಾರೆಸ್ಟ್ ಕಾನೂನು ಕಾಪಾಡಲು ಹೊರಟದ್ದು ಎರಡು ವಸ್ತುಗಳನ್ನು: ಬೇಟೆಯ ಪ್ರಾಣಿ ಮತ್ತು ಅದಕ್ಕೆ ಮೇವೂ ಮರೆಯೂ ಆದ ಹಸಿರು. ಒಳಗಿದ್ದ ರೈತ ತನ್ನ ಹೊಲಕ್ಕೆ ಜಿಂಕೆ ಹಾರಲಾರದಷ್ಟು ಎತ್ತರದ ಬೇಲಿ ಹಾಕುವಂತಿರಲಿಲ್ಲ, ಬಿಲ್ಲು ಹಿಡಿಯುವಂತಿರಲಿಲ್ಲ, ಬೇರು ಸಹಿತ ಮರ ಕೀಳುವಂತಿರಲಿಲ್ಲ. ಬೆಳೆಯನ್ನು ಜಿಂಕೆಗೆ ಬಿಟ್ಟುಕೊಡಬೇಕಾದವನು ತನ್ನ ದನವನ್ನಾದರೂ ರಾಜನ ಬಯಲಿಗೆ ಬಿಡುವುದು ಸಹಜವಾಗಿತ್ತು, ಮತ್ತು ವಿಲಿಯಂ ಬರುವ ಮೊದಲಿನಿಂದ ನಡೆದುಬಂದ ಈ ರೂಢಿಯನ್ನು ನಿಲ್ಲಿಸುವ ಬದಲು ಕಟ್ಟುಪಾಡಿಗೆ ಒಳಪಡಿಸುವುದು ರಾಜಾಧಿಕಾರಿಗಳಿಗೂ ಲಾಭದ ದಾರಿಯಾಗಿ ಕಂಡಿತು. ಹೀಗಾಗಿ ದನಕ್ಕೆ ವರ್ಷದಲ್ಲಿ ಎರಡು ಅವಧಿ ಬಯಲು ಮುಚ್ಚಿತು. ಜೂನ್ ಮತ್ತು ಜುಲೈ ನಡುವೆ ಜಿಂಕೆ ಮರಿ ಹಾಕುವ ಒಂದು ತಿಂಗಳಿಗೆ ಫೆನ್ಸ್ ಮಂತ್, ಅಂದರೆ ತಡೆಯ ತಿಂಗಳು, ಎಂಬ ಹೆಸರು. ನವೆಂಬರಿನಿಂದ ಮೇ ಆರಂಭದವರೆಗೆ, ಮೇವು ತೆಳುವಾಗಿ ಜಿಂಕೆಗೇ ಸಾಲದ ಕಾಲಕ್ಕೆ ವಿಂಟರ್ ಹೇನಿಂಗ್ ಎಂಬ ಹೆಸರು. ಆ ದಿನಗಳಲ್ಲಿ ಬಯಲಿನಲ್ಲಿ ಸಿಕ್ಕ ದನವನ್ನು ಹೊಡೆದೊಯ್ದು ಪೌಂಡ್ ಎನ್ನುವ ದೊಡ್ಡಿಗೆ ಕೂಡಲಾಗುತ್ತಿತ್ತು, ದಂಡ ಕೊಟ್ಟು ಬಿಡಿಸಿಕೊಳ್ಳಬೇಕಾಗುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಕೊಂಡವಾಡೆಯೆಂದು ಕರೆಯುವ ಸರ್ಕಾರಿ ದೊಡ್ಡಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಜಿಸ್ಟರ್ ಎಂಬ ಪದ ಬಂದದ್ದು ತಂಗುದಾಣ, ಬಿಡದಿ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ. ಪರರ ದನಕ್ಕೆ ಹಣ ಪಡೆದು ಮೇಯುವ ಜಾಗ ಕೊಡುವುದು ಅಜಿಸ್ಟ್‌ಮೆಂಟ್, ಆ ಹಣದ ಲೆಕ್ಕ ನೋಡುವವನು ಅಜಿಸ್ಟರ್. ಮೂರನೆಯ ಹೆನ್ರಿ ಇನ್ನೂ ಬಾಲಕನಾಗಿದ್ದಾಗ, 1217ರಲ್ಲಿ, ಅವನ ಹೆಸರಿನಲ್ಲಿ ಹೊರಟ ಫಾರೆಸ್ಟ್ ಸನ್ನದು ಈ ಅಧಿಕಾರಿಗಳು ಯಾವಾಗ ಸೇರಬೇಕೆಂಬುದನ್ನೂ ಗೊತ್ತುಮಾಡಿತು. ಸ್ವೇನಿಮೋಟ್ ಎಂಬ ಕಾಡುಸಭೆ ವರ್ಷಕ್ಕೆ ಮೂರು ಬಾರಿ ಮಾತ್ರ ನಡೆಯತಕ್ಕದ್ದು: ಸೆಪ್ಟೆಂಬರ್ 29ರ ಮೈಕೆಲ್ಮಸ್ ಹಬ್ಬಕ್ಕೆ ಹದಿನೈದು ದಿನ ಮುಂಚೆ, ರಾಜನ ತೋಪುಗಳಿಗೆ ಪ್ರಾಣಿಗಳನ್ನು ಬಿಡಿಸುವುದಕ್ಕೆ ಅಜಿಸ್ಟರರು ಸೇರುವಾಗ, ನವೆಂಬರ್ 11ರ ಮಾರ್ಟಿನ್ಮಸ್ ಸುಮಾರಿಗೆ, ಓಕ್ ಕಾಯಿ ತಿಂದ ಹಂದಿಗಳ ಬಾಬ್ತು ಬರಬೇಕಾದ ಪ್ಯಾನೇಜ್ ಎಂಬ ತೆರಿಗೆಯನ್ನು ಅವರು ಪಡೆಯುವಾಗ, ಮತ್ತು ಜೂನ್ 24ಕ್ಕೆ ಹದಿನೈದು ದಿನ ಮುಂಚೆ, ಜಿಂಕೆ ಮರಿಹಾಕುವ ಕಾಲದ ಕಾವಲಿಗಾಗಿ. ಮೂರನೆಯ ಸಭೆಯಲ್ಲಿ ಅಜಿಸ್ಟರರಿಗೆ ಕೆಲಸವಿರಲಿಲ್ಲ. ಮೊದಲ ಸಭೆಯಲ್ಲಿ ಬಿಡುವುದು, ಎರಡನೆಯದರಲ್ಲಿ ವಸೂಲು ಮಾಡುವುದು, ಇಷ್ಟೇ ಅವರ ಸನ್ನದಿನ ಕರ್ತವ್ಯ. ಹಸುವಿನ ಆರೋಗ್ಯ ಯಾರ ಜವಾಬ್ದಾರಿಯೆಂಬ ಪ್ರಶ್ನೆಯನ್ನು ಆ ಶಾಸನ ಎತ್ತುವುದೇ ಇಲ್ಲ. ಅಜಿಸ್ಟರರ ಜತೆಗೆ ಅದೇ ಸಭೆಯಲ್ಲಿ ಕೂರುತ್ತಿದ್ದ ವರ್ಡರರ್ ಎಂಬ ನ್ಯಾಯಾಧಿಕಾರಿಯ ಹೆಸರು ಹಸಿರು ಎಂಬರ್ಥದ ಪದದಿಂದ ಬಂದದ್ದು. ಮುಂದಿನ ಕಥೆಯಲ್ಲಿ ಈ ಇಬ್ಬರೂ ಒಟ್ಟಿಗೇ ಬದಲಾಗುತ್ತಾರೆ.

ಬಯಲನ್ನು ಬಳಸುವ ಹಕ್ಕುಗಳ ಸ್ವರೂಪವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಂಗ್ಲಿಷರ ಕಾಮನ್ ಎಂಬ ಕಲ್ಪನೆಯನ್ನು ಕನ್ನಡದ ಗೋಮಾಳದೊಂದಿಗೆ ಒಂದೇ ಎಂದು ಹಿಡಿದರೆ ದಾರಿ ತಪ್ಪುತ್ತದೆ. ಕಾಮನ್ ಎಂದರೆ ಯಾರಿಗೂ ಸೇರದ ನೆಲವಲ್ಲ, ಎಲ್ಲರಿಗೂ ಸೇರಿದ ನೆಲವೂ ಅಲ್ಲ; ನೆಲ ಒಬ್ಬನದು, ಇಲ್ಲಿ ಅರಸೊತ್ತಿಗೆಯದು, ಅದರ ಮೇಲಿನ ನಿರ್ದಿಷ್ಟ ಉಪಯೋಗ ಗೊತ್ತಾದ ಕೆಲವರದು. ಆ ಕೆಲವರಿಗೆ ಕಾಮನರ್ ಎಂದು ಹೆಸರು, ಹಕ್ಕುದಾರ ಎನ್ನಬಹುದು. ಹಕ್ಕು ಅಂಟಿಕೊಂಡಿರುವುದು ಮನುಷ್ಯನಿಗಲ್ಲ, ಅವನ ಮನೆ ಹೊಲಗಳಿಗೆ. ಜಮೀನು ಮಾರಿದರೆ ಹಕ್ಕೂ ಅದರೊಂದಿಗೆ ಹೋಗುತ್ತದೆ. ಕುದುರೆ, ದನ, ಕತ್ತೆಗಳನ್ನು ಮೇಯಲು ಬಿಡುವ ಹಕ್ಕು ಅವುಗಳಲ್ಲಿ ದೊಡ್ಡದು. ಶರತ್ಕಾಲದಲ್ಲಿ ಉದುರುವ ಓಕ್ ಮತ್ತು ಬೀಚ್ ಕಾಯಿಗೆ ಹಂದಿ ಬಿಡುವುದು, ಒಲೆಗೆ ಹುಲ್ಲುಹೆಂಟೆ ಕೊಯ್ಯುವುದು, ಸೌದೆಯ ಪಾಲು ಪಡೆಯುವುದು, ಹೊಲಕ್ಕೆ ಸುಣ್ಣಮಣ್ಣು ಅಗೆಯುವುದು ಉಳಿದವು. ಕುರಿ ಬಿಡುವ ಹಕ್ಕಂತೂ ಬ್ಯೂಲಿಯ ಹಳೆಯ ಮಠದ ಜಮೀನಿನಂಥ ಕೆಲವಕ್ಕೆ ಮಾತ್ರ ಸೀಮಿತ. ಎಷ್ಟು ದನ ಬಿಡಬಹುದೆಂಬುದಕ್ಕೆ ಇಂಗ್ಲಿಷ್ ಕಾನೂನಿನಲ್ಲಿ ಒಂದು ಹಳೆಯ ಅಳತೆಯುಂಟು: ಏಳುವ ಮತ್ತು ಮಲಗುವ ಲೆಕ್ಕ ಎಂಬರ್ಥದ ಹೆಸರಿನ ಆ ನಿಯಮದ ಪ್ರಕಾರ, ಒಬ್ಬನ ಜಮೀನಿನ ಹುಲ್ಲು ಚಳಿಗಾಲವಿಡೀ ಎಷ್ಟು ದನಗಳನ್ನು ಸಾಕಬಲ್ಲುದೋ ಅಷ್ಟನ್ನೇ ಅವನು ಬೇಸಿಗೆಯಲ್ಲಿ ಬಯಲಿಗೆ ಅಟ್ಟಬಹುದು. ನ್ಯೂ ಫಾರೆಸ್ಟಿನಲ್ಲಿ ಇಂದು ತಲೆಗಿಷ್ಟು ಎಂಬ ಮಿತಿ ಇಲ್ಲ. ಆದರೆ ಯಾವ ಜಮೀನಿಗೆ ಯಾವ ಹಕ್ಕು ಎಂಬುದನ್ನು 1858ರಲ್ಲಿ ಮುಗಿದ ವಿಚಾರಣೆಯ ದಾಖಲೆಯನ್ನು ತೆರೆದೇ ಈಗಲೂ ತೀರ್ಮಾನಿಸುತ್ತಾರೆ.

ಮೈಸೂರು ಸಂಸ್ಥಾನದ ಅಮೃತಮಹಲ್ ಕಾವಲುಗಳಲ್ಲಿ ನೆಲವೂ ಸರ್ಕಾರದ್ದು, ದನವೂ ಸರ್ಕಾರದ್ದಾಗಿತ್ತು. ನಮ್ಮ ಗೋಮಾಳದಲ್ಲಿ ನೆಲ ಸರ್ಕಾರದ್ದು, ದನ ಊರವರದು, ನೋಡಿಕೊಳ್ಳಲು ಗೊತ್ತಾದ ಹುದ್ದೆಯೊಂದು ಇಲ್ಲ. ಅಜಿಸ್ಟರನಿಗೆ ಹೋಲುವವನನ್ನು ಕನ್ನಡ ನಾಡಿನಲ್ಲಿ ಹುಡುಕಿದರೆ ಸಿಗುವುದು ಹುಲ್ಲುಗಾವಲಿನಲ್ಲಲ್ಲ, ಕೆರೆ ಏರಿಯ ಮೇಲೆ: ತನ್ನದಲ್ಲದ ನೀರನ್ನು ಸರದಿಯಂತೆ ಎಲ್ಲರ ಗದ್ದೆಗೂ ಹಾಯಿಸಿ ಊರಿನಿಂದ ಆಯ ಪಡೆಯುತ್ತಿದ್ದ ನೀರಗಂಟಿ.

ಎಣಿಕೆಯ ಕೆಲಸ ನಡೆಯುತ್ತಿದ್ದದ್ದು ಡ್ರಿಫ್ಟ್ ಎಂಬ ಸಾಮೂಹಿಕ ಅಟ್ಟುವಿಕೆಯ ಮೂಲಕ. ಕುದುರೆಸವಾರರು ಸಾಲುಗಟ್ಟಿ ಬಯಲನ್ನು ಬಳಸಿ ಬಂದು, ಚದುರಿದ ಪ್ರಾಣಿಗಳನ್ನೆಲ್ಲ ಒಂದು ದೊಡ್ಡಿಗೆ ನೂಕಿ, ಯಾರ ಮುದ್ರೆಯದು, ಹಕ್ಕಿದ್ದವನದೋ ಇಲ್ಲದವನದೋ ಎಂದು ನೋಡುವ ಈ ಕ್ರಮವನ್ನು ಎಂಟನೆಯ ಹೆನ್ರಿಯ 1540ರ ಕಾಯಿದೆ ಪ್ರತಿವರ್ಷ ಮೈಕೆಲ್ಮಸ್ ಆಸುಪಾಸಿನಲ್ಲಿ ಮಾಡಲೇಬೇಕೆಂದು ಕಡ್ಡಾಯಗೊಳಿಸಿತು. ಯುದ್ಧಕ್ಕೆ ಬಾರದ ಕುಳ್ಳು ಗಂಡುಕುದುರೆಗಳನ್ನು ಬಯಲಿನಿಂದ ತೆಗೆದು ತಳಿಯನ್ನು ಎತ್ತರಿಸಬೇಕೆಂಬುದು ಅದರ ಉದ್ದೇಶ. ತಳಿ ಎತ್ತರವಾಗಲಿಲ್ಲ, ಹೀದರ್ ಮತ್ತು ಗಾರ್ಸ್ ತಿಂದು ದೊಡ್ಡ ಕುದುರೆ ಬದುಕುವುದಿಲ್ಲ. ಡ್ರಿಫ್ಟ್ ಮಾತ್ರ ಉಳಿಯಿತು.

ಮಂದೆಯನ್ನು ಬೇಲಿಯಿಲ್ಲದೆ ಹಿಡಿತದಲ್ಲಿಡುವ ಕಲೆಗೆ ಒಳ್ಳೆಯ ಸಾಕ್ಷ್ಯ ಸಿಗುವುದು ಹಂದಿಗಳ ವಿಷಯದಲ್ಲಿ. 1777ರಿಂದ ಬೋಲ್ಡರ್ ಎಂಬ ಊರಿನ ಪಾದ್ರಿಯಾಗಿದ್ದ ವಿಲಿಯಂ ಗಿಲ್ಪಿನ್ 1791ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇಲ್ಲಿನ ಹಂದಿಗಾಹಿಯ ವಿಧಾನವನ್ನು ವಿವರಿಸಿದ್ದಾನೆ. ಸುತ್ತಲಿನ ರೈತರಿಂದ ನೂರಾರು ಹಂದಿಗಳನ್ನು ಓಕ್ ಕಾಯಿಯ ಕಾಲಕ್ಕೆ ವಹಿಸಿಕೊಂಡ ಹಂದಿಗಾಹಿ, ನೀರು ಹತ್ತಿರವಿರುವ ಒಂದು ಹರಡಿದ ಮರವನ್ನು ಆರಿಸಿ, ಅದರ ಸುತ್ತ ಕಡ್ಡಿ ಹೆಣೆದ ಸಾಧಾರಣ ತಡಿಕೆ ಕಟ್ಟಿ, ಒಳಗೆ ಜರೀಸೊಪ್ಪು ಹಾಸಿ, ಮೊದಲ ಸಂಜೆ ಹೊಟ್ಟೆ ಬಿರಿಯುವಷ್ಟು ಓಕ್ ಕಾಯಿ ಸುರಿಯುತ್ತಾನೆ. ಅವು ತಿನ್ನುತ್ತಿರುವಷ್ಟು ಹೊತ್ತೂ ಕೊಂಬು ಊದುತ್ತಾನೆ. ಮರುದಿನ ಸ್ವಲ್ಪ ದೂರ ಬಿಟ್ಟು, ಸಂಜೆ ಮತ್ತೆ ಕೊಂಬು, ಮತ್ತೆ ಊಟ. ಕೆಲವೇ ದಿನಗಳಲ್ಲಿ ಕಾಡಿನ ಯಾವ ಮೂಲೆಯಲ್ಲಿದ್ದರೂ ಹಂದಿಗಳು ಆ ಧ್ವನಿಗೆ ಓಡಿಬರುತ್ತವೆ. ಓಕ್ ಕಾಯಿಯನ್ನು ಹಂದಿ ಮೇಯ್ದು ಮುಗಿಸುವುದರಿಂದ ದನಗಳಿಗೂ ಉಪಕಾರವಿದೆ, ಏಕೆಂದರೆ ಹಸಿ ಓಕ್ ಕಾಯಿಯ ಒಗರು ದನದ ಮೂತ್ರಪಿಂಡವನ್ನು ಕೆಡಿಸಿ ಕೊಲ್ಲಬಲ್ಲುದು.

ಹದಿನೇಳನೆಯ ಶತಮಾನ ಮುಗಿಯುವ ಹೊತ್ತಿಗೆ ರಾಜರಿಗೆ ಬೇಟೆಯ ಹುಚ್ಚು ಇಳಿದು ಹಡಗಿನ ಹುಚ್ಚು ಏರಿತ್ತು. 1698ರ ಕಾಯಿದೆ ನೌಕಾಪಡೆಯ ಓಕ್ ಮರಕ್ಕಾಗಿ 6,000 ಎಕರೆಯನ್ನು ಹಂತಹಂತವಾಗಿ ಬೇಲಿಯೊಳಗೆ ತರಲು ಅನುಮತಿ ಕೊಟ್ಟಿತು. ನಿಜವಾದ ಪೆಟ್ಟು ಬಿದ್ದದ್ದು 1851ರಲ್ಲಿ. ಜಿಂಕೆಗಳನ್ನು ಎರಡು ವರ್ಷಗಳೊಳಗೆ ಪೂರ್ತಿ ತೆಗೆಯುವುದಾಗಿಯೂ, ಅದಕ್ಕೆ ಪ್ರತಿಯಾಗಿ ಇನ್ನೂ 10,000 ಎಕರೆಯನ್ನು ಮರ ನೆಡಲು ಬೇಲಿ ಹಾಕಿಕೊಳ್ಳುವುದಾಗಿಯೂ ಸರ್ಕಾರ ಕಾಯಿದೆ ಮಾಡಿತು. ಏಳುನೂರು ವರ್ಷ ತಮ್ಮ ಬೆಳೆ ತಿಂದ ಜಿಂಕೆ ಹೋಗುವುದನ್ನು ಹಕ್ಕುದಾರರು ಸ್ವಾಗತಿಸಬೇಕಾಗಿತ್ತು. ಆದರೆ ಜಿಂಕೆಗಿಂತ ಬೇಲಿ ಕೆಟ್ಟದ್ದೆಂಬುದು ಅವರಿಗೆ ಬೇಗ ತಿಳಿಯಿತು. ಜಿಂಕೆ ತಿಂದು ಬಿಟ್ಟದ್ದರಲ್ಲಿ ದನಕ್ಕೆ ಪಾಲಿತ್ತು, ಬೇಲಿಯೊಳಗೆ ಪಾಲಿರಲಿಲ್ಲ, ಮತ್ತು ಮರದ ಅಧಿಕಾರಿಗಳು ಆರಿಸಿದ್ದು ಒಳ್ಳೆಯ ಮಣ್ಣಿನ, ಅಂದರೆ ಒಳ್ಳೆಯ ಹುಲ್ಲಿನ ಜಾಗಗಳನ್ನೇ. ಜಿಂಕೆಗಾಗಿ ಹುಟ್ಟಿದ ತಡೆಯ ತಿಂಗಳಿಗೂ ಚಳಿಗಾಲದ ನಿಷೇಧಕ್ಕೂ ಇನ್ನು ಯಾವ ಅರ್ಥವೂ ಉಳಿಯಲಿಲ್ಲ.

ಇದನ್ನು ತಡೆದದ್ದು ಎರಡು ಬಗೆಯ ಜನ ಕೈಜೋಡಿಸಿದ್ದರಿಂದ. ಹಳೆಯ ಮರಗಳ ಚೆಲುವಿಗಾಗಿ ಕಾಡು ಉಳಿಯಬೇಕೆಂದವರು 1867ರಲ್ಲಿ ನ್ಯೂ ಫಾರೆಸ್ಟ್ ಅಸೋಸಿಯೇಷನ್ ಕಟ್ಟಿದರು. ಹುಲ್ಲಿಗಾಗಿ ಬಯಲು ಉಳಿಯಬೇಕೆಂದ ಹಕ್ಕುದಾರರು ಅವರ ಜತೆಗೆ ನಿಂತರು. 1871ರಲ್ಲಿ ಸಂಸತ್ತಿನಲ್ಲಿ ಠರಾವು ತಂದು ಹೊಸ ಬೇಲಿಗಳನ್ನೂ ಮರ ಕಡಿಯುವುದನ್ನೂ ನಿಲ್ಲಿಸಿದವನು ಹೆನ್ರಿ ಫಾಸೆಟ್ ಎಂಬ ಅಂಧ ಅರ್ಥಶಾಸ್ತ್ರಜ್ಞ. ಭಾರತದ ಖಜಾನೆಯ ಹಣವನ್ನು ಬ್ರಿಟಿಷ್ ಸರ್ಕಾರ ಬೇಕಾಬಿಟ್ಟಿ ಖರ್ಚುಮಾಡುವುದನ್ನು ಅದೇ ಸಂಸತ್ತಿನಲ್ಲಿ ಪಟ್ಟುಹಿಡಿದು ಪ್ರಶ್ನಿಸಿ ಭಾರತದ ಸದಸ್ಯನೆಂದೇ ಹೆಸರಾದವನೂ ಇವನೇ. ತನ್ನ ಕಣ್ಣಿಗೆ ಕಾಣದ ಬಯಲನ್ನೂ ತಾನು ನೋಡದ ದೇಶವನ್ನೂ ಒಂದೇ ನ್ಯಾಯದಿಂದ ವಾದಿಸಿದ ಈ ಮನುಷ್ಯನನ್ನು ನಮ್ಮ ಚರಿತ್ರೆಯ ಪುಸ್ತಕಗಳು ಇನ್ನಷ್ಟು ನೆನೆಯಬಹುದಾಗಿತ್ತು. 1877ರ ನ್ಯೂ ಫಾರೆಸ್ಟ್ ಕಾಯಿದೆ ಈ ಹೋರಾಟದ ಫಲ. ಬೇಲಿಯ ವಿಸ್ತಾರಕ್ಕೆ ಅದು ಮಿತಿ ಹಾಕಿತು, ಮತ್ತು ಅಲ್ಲಿಯವರೆಗೆ ರಾಜನ ಪರವಾಗಿ ಕಾಡಿನ ಅಪರಾಧಗಳನ್ನು ವಿಚಾರಿಸುತ್ತಿದ್ದ ವರ್ಡರರ ನ್ಯಾಯಾಲಯವನ್ನು ಹಕ್ಕುದಾರರು ಚುನಾಯಿಸಿದವರೂ ಕೂರುವ ಸಭೆಯಾಗಿ ಮಾರ್ಪಡಿಸಿ, ಮೇಯುವ ಪ್ರಾಣಿಗಳ ಬಗ್ಗೆ ಉಪನಿಯಮ ಮಾಡುವ ಅಧಿಕಾರವನ್ನು ಅದಕ್ಕೆ ಕೊಟ್ಟಿತು. 1880ರಿಂದ 1915ರವರೆಗೆ ಅರಸೊತ್ತಿಗೆಯ ಪರವಾಗಿ ಕಾಡಿನ ಆಡಳಿತ ನೋಡಿದ ಜೆರಾಲ್ಡ್ ಲ್ಯಾಸೆಲ್ಸ್ ಈ ಸಭೆಯೊಂದಿಗೆ ಉದ್ದಕ್ಕೂ ಜಗಳವಾಡಿದನೆಂಬುದೇ ಅದು ಯಾರ ಕಡೆಗೆ ವಾಲಿತ್ತೆಂಬುದಕ್ಕೆ ಪುರಾವೆ. ಇತ್ತ ಬ್ರಿಸ್ಕೋ ಏರ್ ಎಂಬ ಜಮೀನುದಾರ 1883ರಲ್ಲಿ ಬರೆದ ಪುಸ್ತಿಕೆಯಲ್ಲಿ, ಒಂದೆರಡು ಹಸು ಸಾಕುವ ಗುಡಿಸಿಲಿನ ಕೂಲಿಕಾರನಿಗೆ ಬಯಲಿನ ಹಕ್ಕೇ ಉಳಿತಾಯದ ಬ್ಯಾಂಕೆಂದು ವಾದಿಸಿದ.

ನ್ಯಾಯಾಲಯ ಕೈಬದಲಾದಾಗ ಅಜಿಸ್ಟರನೂ ಬದಲಾದ. ಹಣ ವಸೂಲು ಈಗಲೂ ಅವನ ಕೆಲಸವೇ, ಆದರೆ ಆ ಹಣ ರಾಜನ ಬೊಕ್ಕಸಕ್ಕಲ್ಲದೆ ವರ್ಡರರಿಗೆ ಸೇರಿ ಅವನ ವೆಚ್ಚಕ್ಕೇ ಒದಗುತ್ತದೆ. ಬಯಲಿಗೆ ಬಿಡುವ ಪ್ರತಿ ಪ್ರಾಣಿಗೂ ಒಡೆಯ ವರ್ಷಕ್ಕೊಮ್ಮೆ ಗುರುತಿನ ಶುಲ್ಕ ಕಟ್ಟಬೇಕು, ಕಟ್ಟಿದ್ದಕ್ಕೆ ರಸೀದಿ ಪ್ರಾಣಿಯ ಮೈಮೇಲೆಯೇ ಇರುತ್ತದೆ: ಪೋನಿಯ ಬಾಲದ ಕೂದಲನ್ನು ಅಜಿಸ್ಟರ್ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತಾನೆ, ಒಬ್ಬೊಬ್ಬ ಅಜಿಸ್ಟರನ ಸೀಮೆಗೂ ಒಂದೊಂದು ಮಾದರಿ, ಹೀಗಾಗಿ ಯಾವ ಕಡೆಯ ಕುದುರೆ ಎಲ್ಲಿಗೆ ಬಂದಿದೆಯೆಂಬುದು ದೂರದಿಂದಲೇ ತಿಳಿಯುತ್ತದೆ, ದನಕ್ಕೆ ಕಿವಿಯೋಲೆ. ಒಡೆಯನ ಹೆಸರಿಗೆ ಬರೆಯ ಮುದ್ರೆ ಬೇರೆ.

ಅಜಿಸ್ಟರ್ ದನವನ್ನು ನೋಡುವುದು ಹೇಗೆ ಎಂಬುದರಲ್ಲಿ ಈ ಹುದ್ದೆಯ ಈಗಿನ ಅರ್ಥವೆಲ್ಲ ಅಡಗಿದೆ. ಅವನು ಮೊದಲು ಹುಡುಕುವುದು ಮಂದೆಯನ್ನಲ್ಲ, ಮಂದೆಯಿಂದ ಬೇರೆಯಾಗಿ ನಿಂತದ್ದನ್ನು. ಒಂಟಿಯಾಗಿ ನಿಂತ ಹಸು ಕಾಯಿಲೆಯದಾಗಿರಬಹುದು, ಅಥವಾ ಹತ್ತಿರದ ಬ್ರಾಕನ್ ಪೊದೆಯೊಳಗೆ ಎಳಗರುವನ್ನು ಬಚ್ಚಿಟ್ಟಿರಬಹುದು. ಕೆಚ್ಚಲು ತುಂಬಿ ಬಿಗಿದಿದೆಯೋ, ಕರು ಈಗಷ್ಟೇ ಕುಡಿದು ಸಡಿಲವಾಗಿದೆಯೋ ಎಂಬುದರಿಂದ ಎರಡನ್ನೂ ಬೇರ್ಪಡಿಸಬಹುದು. ಪಕ್ಕೆಲುಬು, ಸೊಂಟದ ಮೂಳೆ, ಬಾಲದ ಬುಡ ಈ ಮೂರರ ಮೇಲಿನ ಮಾಂಸ ನೋಡಿ ಪ್ರಾಣಿಯ ಮೈಸ್ಥಿತಿಗೆ ಅಂಕ ಕೊಡುವ ಕ್ರಮವಿದೆ. ಅಂಕ ಕೆಳಗಿಳಿದರೆ ಒಡೆಯನಿಗೆ ಹೇಳಿಕಳಿಸಿ, ದನವನ್ನು ಬಯಲಿನಿಂದ ಮನೆಗೆ ಒಯ್ಯುವಂತೆ ಆಜ್ಞೆ ಮಾಡುವ ಅಧಿಕಾರ ಅವನಿಗಿದೆ. ನೋಡುವ ಜಾಗ ಋತುವಿನೊಂದಿಗೆ ಬದಲಾಗುತ್ತದೆ. ಬೇಸಿಗೆಯ ನಡುಹಗಲಲ್ಲಿ ದನಗಳು ನೊಣದ ಕಾಟ ತಪ್ಪಿಸಿಕೊಳ್ಳಲು ಗುಂಪುಗೂಡುವ ಗೊತ್ತಾದ ತಾಣಗಳಿಗೆ ಸ್ಥಳೀಯರು ನೆರಳು ಎಂಬರ್ಥದ ಶೇಡ್ ಎಂಬ ಹೆಸರಿಟ್ಟಿದ್ದಾರೆ, ಆದರೆ ಅವುಗಳಲ್ಲಿ ಹಲವು ಗಾಳಿ ಬೀಸುವ ಬಟ್ಟಬಯಲಿನ ದಿಬ್ಬಗಳು. ವಸಂತದ ಆರಂಭದಲ್ಲಿ ಹಳೆಯ ಹುಲ್ಲು ಒಣಗಿ ಹೊಸದು ಇನ್ನೂ ಬಾರದಿರುವಾಗ, ಎಲ್ಲಕ್ಕಿಂತ ಮೊದಲು ಹಸಿರಾಗುವ ಜೌಗಿನ ಅಂಚಿಗೆ ಹಸಿದ ಹಸು ಇಳಿದು ಹೊಟ್ಟೆಯವರೆಗೆ ಹೂತುಹೋಗುತ್ತದೆ, ಆಗ ಹಗ್ಗ ಹಾಕಿ ಎಳೆಯಬೇಕು. ಹೀದರಿನಲ್ಲಿ ಉಣ್ಣೆಹುಳು ಹೇರಳ. ಅದರಿಂದ ಹತ್ತುವ ರಕ್ತಮೂತ್ರ ರೋಗವನ್ನು ಎಳವೆಯಿಂದ ಅಲ್ಲೇ ಬೆಳೆದ ದನ ತಡೆದುಕೊಳ್ಳುತ್ತದೆ, ಹೊರಗಿನಿಂದ ಹೊಸದಾಗಿ ತಂದದ್ದು ಬೀಳುತ್ತದೆ. ಹೀಗಾಗಿ ಯಾವ ಹಸು ಯಾರ ಮನೆಯದು ಎಂಬಷ್ಟೇ ಅಲ್ಲ, ಅದು ಹುಟ್ಟಿದ್ದು ಎಲ್ಲಿ ಎಂಬುದೂ ಅಜಿಸ್ಟರನ ತಲೆಯಲ್ಲಿರಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನ ಈ ಬಯಲಿಗೆ ಸುಲಭವಾಗಿ ಒದಗಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಹೀತಿನ ಮೇಲೆ ವಿಮಾನ ನಿಲ್ದಾಣಗಳು ಎದ್ದವು, ಕೆಲವು ಹುಲ್ಲುಗಾವಲುಗಳನ್ನು ಉತ್ತು ಬೆಳೆಯಿಟ್ಟರು; 1945ರ ಹೊತ್ತಿಗೆ ಬಯಲಿನ ಪೋನಿಗಳು 600ಕ್ಕಿಂತ ಕೆಳಗಿಳಿದಿದ್ದವು. ಅದಕ್ಕೂ ಹೆಚ್ಚಿನ ಶತ್ರು ಮೋಟಾರು ವಾಹನ. ತುಡುಗು ಮೇಯುವ ಚಟ ಹತ್ತಿದ ಪ್ರಾಣಿಗಳು ಓಣಿಗಳಲ್ಲಿ ನುಸುಳಿ ಊರಿನ ತೋಟಗಳವರೆಗೆ ಹೋಗುತ್ತಿದ್ದ ಕಾಲ 1964ರ ಕಾಯಿದೆಯಿಂದ ಮುಗಿಯಿತು: ಹೊರಗಡಿಗೆ ಬೇಲಿ ಬಿತ್ತು, ರಸ್ತೆಗಳು ಗಡಿ ದಾಟುವಲ್ಲಿ ಗೊರಸು ಜಾರುವಂತೆ ಕಬ್ಬಿಣದ ಸರಳುಗಳನ್ನು ಬಿಡಿಬಿಡಿಯಾಗಿ ಹಾಸಿದ ಗುಂಡಿಗಳು ಬಂದವು. ಆದರೆ ಒಳಗಿನ ಹೆಚ್ಚಿನ ರಸ್ತೆಗಳಿಗೆ ಬೇಲಿಯಿಲ್ಲ. ಕತ್ತಲಲ್ಲಿ ಬೆಚ್ಚಗಿನ ಡಾಂಬರಿನ ಮೇಲೆ ನಿಂತ ಕಪ್ಪು ಹಸುವಿಗೆ ಕಾರು ಬಡಿದಾಗ ನಡುರಾತ್ರಿಯಲ್ಲಿ ಎದ್ದು ಬಂದೂಕು ಹಿಡಿದು ಹೊರಡುವುದು, ಉಳಿಯುವಂತಿಲ್ಲದ ಪ್ರಾಣಿಯ ನರಳಾಟವನ್ನು ಮುಗಿಸುವುದು ಅಜಿಸ್ಟರನ ಕರ್ತವ್ಯಗಳಲ್ಲಿ ಸೇರಿಹೋಗಿದೆ. 1996ರಲ್ಲಿ ಹುಚ್ಚುಹಸು ರೋಗದ ಬೆನ್ನಿಗೇ ಬ್ರಿಟನ್ನಿನ ಪ್ರತಿ ದನಕ್ಕೂ ಪಾಸ್‌ಪೋರ್ಟ್ ಎಂಬ ಗುರುತುಪತ್ರ ಕಡ್ಡಾಯವಾಯಿತು, ಕ್ಷಯದ ತಪಾಸಣೆಗೆ ದನಗಳನ್ನು ಬಯಲಿನಿಂದ ಕೂಡಿಹಾಕಬೇಕಾಯಿತು. ಈಚಿನ ದಶಕಗಳಲ್ಲಿ ಪರಿಸರ ರಕ್ಷಣೆಯ ಹೆಸರಿನ ಸಹಾಯಧನ ದನಗಳ ಸಂಖ್ಯೆಯನ್ನು ಮತ್ತೆ ಏರಿಸಿದೆ, ಅದು ಅತಿಯಾಯಿತೆಂಬ ದೂರೂ ಕೇಳಿಬಂದಿದೆ. ಹೀದರನ್ನು ಉಳಿಸಲು ಎಷ್ಟು ಬಾಯಿ ಬೇಕು, ಎಷ್ಟಾದರೆ ಅಳಿಯುತ್ತದೆ ಎಂಬ ಚರ್ಚೆ ಅಲ್ಲಿ ಮುಗಿದಿಲ್ಲ.

ಹಂಚಿಕೊಂಡ ಹುಲ್ಲುಗಾವಲು ತಾನಾಗಿಯೇ ಹಾಳಾಗುತ್ತದೆಂಬ ವಾದವನ್ನು 1833ರಲ್ಲಿ ವಿಲಿಯಂ ಫಾರ್ಸ್ಟರ್ ಲಾಯ್ಡ್ ಮುಂದಿಟ್ಟ, 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅದನ್ನು ಜಗತ್ಪ್ರಸಿದ್ಧ ಮಾಡಿದ. ಅವರಿಬ್ಬರೂ ಕಲ್ಪಿಸಿಕೊಂಡ ಹುಲ್ಲುಗಾವಲಿನಲ್ಲಿ ದನಗಳಿದ್ದವು, ಒಡೆಯರಿದ್ದರು, ಅಜಿಸ್ಟರ್ ಇರಲಿಲ್ಲ. ಹೊಣೆಗಾರ ಕಾವಲುಗಾರನಿದ್ದರೆ ಲೆಕ್ಕವೇ ಬೇರೆಯಾಗುತ್ತದೆಂಬುದನ್ನು ಹಲವು ದೇಶಗಳ ನೀರು, ಕಾಡು, ಮೇವಿನ ಉದಾಹರಣೆಗಳಿಂದ ಸಾಧಿಸಿ ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನ್ಯೂ ಫಾರೆಸ್ಟಿನ ಹಕ್ಕುದಾರರಿಗೆ ಇದು ಹೊಸ ಸಂಗತಿಯಾಗಿರಲಾರದು.

ವರ್ಡರರ ನ್ಯಾಯಾಲಯ ಈಗಲೂ ಲಿಂಡ್‌ಹರ್ಸ್ಟ್ ಊರಿನ ಹಳೆಯ ಅರಮನೆಯಲ್ಲಿ ತಿಂಗಳು ತಿಂಗಳು ಸೇರುತ್ತದೆ; ಹತ್ತು ಜನರಲ್ಲಿ ಐವರು ಹಕ್ಕುದಾರರಿಂದ ಆಯ್ಕೆಯಾದವರು, ಅಧ್ಯಕ್ಷ ಅರಸೊತ್ತಿಗೆಯಿಂದ ನೇಮಕವಾದವನು. ಗೋಡೆಯ ಮೇಲೆ ಹಳೆಯ ಕಬ್ಬಿಣದ ರಿಕಾಬೊಂದು ತೂಗುಹಾಕಿದೆ. ಅದರೊಳಗೆ ತೂರಲಾರದಷ್ಟು ದೊಡ್ಡ ನಾಯಿ ಜಿಂಕೆಯನ್ನು ಅಟ್ಟಬಹುದೆಂದು ಅದರ ಮುಂಗಾಲಿನ ಉಗುರು ಕತ್ತರಿಸುತ್ತಿದ್ದರಂತೆ. ಅಜಿಸ್ಟರ್ ಎದ್ದುನಿಂತು ಬಲಗೈ ಎತ್ತಿ, ಹೇಳಿಕೊಳ್ಳಲು ಏನಾದರೂ ಇದ್ದವರು ಮುಂದೆ ಬರಬಹುದೆಂದು ನಾರ್ಮನ್ ಫ್ರೆಂಚಿನ ಕೂಗಿನೊಂದಿಗೆ ಸಾರಿದ ಮೇಲೆ ಸಭೆ ಆರಂಭವಾಗುತ್ತದೆ. ಈಗ ಅಲ್ಲಿರುವ ಅಜಿಸ್ಟರರು ಐದು ಮಂದಿ. 1851ರ ಕಾಯಿದೆಯ ಹೊರತಾಗಿಯೂ ಜಿಂಕೆಗಳು ಪೂರ್ತಿ ಅಳಿಯದೆ ಮತ್ತೆ ಹೆಚ್ಚಿವೆ, ಅವು ಮಿತಿಮೀರದಂತೆ ಸರ್ಕಾರದ ಕಾಡುಕಾವಲುಗಾರರೇ ವರ್ಷವರ್ಷವೂ ಗುಂಡು ಹಾರಿಸಿ ಕಡಿಮೆ ಮಾಡುತ್ತಾರೆ. ಒಂದು ಕಾಲಕ್ಕೆ ಅವು ಮರಿ ಹಾಕುವ ತಿಂಗಳೆಂದು ದನಕ್ಕೆ ಮುಚ್ಚಿದ್ದ ಜೂನ್ ಜುಲೈಗಳಲ್ಲಿ ಈಗ ಆ ಬಯಲಿನಲ್ಲಿ ಹಸುಗಳು ಕರುಗಳೊಂದಿಗೆ ಮೇಯುತ್ತಿರುತ್ತವೆ.